‘ಡೆಂಟಲ್ ನರ್ಸ್’ ಅಂದರೆ ದಾದಿಯೇ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನಲ್ಲಿರುವ ಕನ್ನಡದ ಮನೆಗಳಿಗಾಗಿ, ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮೊಮ್ಮಗುವಿನ ಜೊತೆ ಹೋಗುವ ಅಜ್ಜಿಗೂ ಅರ್ಥವಾಗಬೇಕು. ‘ಡೆಂಟಲ್ ನರ್ಸ್’ ಎಂಬಲ್ಲಿ ಪೆನ್ನು ನಿಂತಿದೆ.

‘ದಂತ ದಾದಿ’ ಎಂದು ಬರೆದುಬಿಡಬಹುದು. ಆದರೆ ದಾದಿ ಅಂದ ಕೂಡಲೇ ಇಂಜೆಕ್ಷನ್ ಕೊಡುವ, ಬಿಪಿ ನೋಡುವವರು ಕಣ್ಣ ಮುಂದೆ ಬರುತ್ತಾರೆ. ಇವರು ಅವರಲ್ಲ. ಅಲ್ಲಿ ಆಸ್ಪತ್ರೆಯ ನರ್ಸುಗಳ ನೋಂದಣಿ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ. ಇವರದು ಹಲ್ಲಿನ ಡಾಕ್ಟರುಗಳ ಹಾಗೆ ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ. 2008ರಿಂದ ಅದು ಕಡ್ಡಾಯ.

‘ಸಹಾಯಕಿ’ ಅನ್ನೋಣವೇ? ನಮ್ಮ ಕಡೆ ಆ ಮಾತಿಗೆ ತೂಕ ಕಡಿಮೆ. ಬ್ರ್ಯಾಕೆಟ್, ಅಂದರೆ ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕು, ಅದನ್ನು ಅಂಟಿಸುವ ಹೊತ್ತು ನೋಡಿ. ಹಲ್ಲಿಗೆ ಆಸಿಡ್ ಜೆಲ್ ಹಚ್ಚಿ, ತೊಳೆದು, ಒಣಗಿಸಿದಾಗ ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಅಷ್ಟರಲ್ಲಿ ಒಂಚೂರು ಎಂಜಲು ತಾಗಿತೋ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಎಂಜಲು ಹೀರುವ ನಳಿಗೆ ಹಿಡಿಯುವುದು, ಬ್ರ್ಯಾಕೆಟ್ಟಿನ ಬೆನ್ನಿಗೆ ಅಂಟು ಸವರುವುದು, ಯಾವ ಹಲ್ಲಿಗೆ ಯಾವುದೆಂದು ತಪ್ಪದೆ ಡಾಕ್ಟರ ಕೈಗೆ ಕೊಡುವುದು ಈ ನರ್ಸ್. ಸುಮ್ನೆ ಪಕ್ಕದಲ್ಲಿ ನಿಲ್ಲುವ ಕೆಲಸ ಅಲ್ಲ, ಅಲ್ವಾ? ತಂತಿ ಚುಚ್ಚಿದರೆ ಮೇಣ ಹೇಗೆ ಒತ್ತಬೇಕು, ಬ್ರ್ಯಾಕೆಟ್ ಸುತ್ತ ಬ್ರಶ್ ಹೇಗೆ ಆಡಿಸಬೇಕು ಎಂದು ಮಗುವಿಗೆ ಹೇಳಿಕೊಡುವುದೂ ಎಷ್ಟೋ ಕಡೆ ಇವರೇ. ಹೆಚ್ಚಿನ ತರಬೇತಿ ಆದವರು ಹಲ್ಲಿನ ಅಚ್ಚನ್ನೂ ತೆಗೆಯುತ್ತಾರೆ.

ಇನ್ನೊಂದು ತೊಡಕು. ಬ್ರಿಟನ್ನಿನಲ್ಲಿ ‘ಆರ್ಥೊಡಾಂಟಿಕ್ (ಹಲ್ಲು ನೇರ ಮಾಡುವ ಚಿಕಿತ್ಸೆಯ) ಥೆರಪಿಸ್ಟ್’ ಅಂತ ಬೇರೆಯೇ ಇದ್ದಾರೆ. ಡಾಕ್ಟರು ಬರೆದುಕೊಟ್ಟಂತೆ ಬ್ರ್ಯಾಕೆಟ್ ಅಂಟಿಸುತ್ತಾರೆ, ತಂತಿ ಬದಲಿಸುತ್ತಾರೆ. ನರ್ಸ್ ಅದನ್ನು ಮಾಡುವಂತಿಲ್ಲ. ಥೆರಪಿಸ್ಟರನ್ನು ‘ಚಿಕಿತ್ಸಕಿ’ ಅಂದರೆ ಓದುವವರು ಡಾಕ್ಟರೇ ಅಂದುಕೊಳ್ಳುತ್ತಾರೆ.

ಸಾಲದ್ದಕ್ಕೆ ನ್ಯೂಜಿಲೆಂಡಿನ ಹಳೆಯ ಬಳಕೆ ಬೇರೆ. 1921ರಲ್ಲಿ ತರಬೇತಿ ಶುರುವಾದ ಅಲ್ಲಿನ ಶಾಲಾ ‘ಡೆಂಟಲ್ ನರ್ಸ್’ಗಳು ಮಕ್ಕಳ ಹುಳುಕು ಹಲ್ಲನ್ನು ತಾವೇ ಕೊರೆದು ತುಂಬುತ್ತಿದ್ದರು, ಕೀಳುತ್ತಲೂ ಇದ್ದರು!

‘ಕೈಯಾಳು’ ಅರ್ಥಕ್ಕೆ ಹತ್ತಿರ, ಆದರೆ ಗಾರೆ ಕೆಲಸ ನೆನಪಾಗುತ್ತದೆ. ‘ದಂತ ಸಹಾಯಕರು’ ಅಂದರೆ ಹೆಣ್ಣು ಗಂಡಿನ ತಕರಾರು ಇಲ್ಲ, ಆದರೆ ತೂಕದ ಪ್ರಶ್ನೆ ಹಾಗೇ ಉಳಿಯಿತು. ನನಗಂತೂ ‘ಡೆಂಟಲ್ ನರ್ಸ್’ ಅಂತಲೇ ಇಟ್ಟು, ಮೊದಲ ಸಲ ಬಂದಲ್ಲಿ ಅವರ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಿಬಿಡುವುದೇ ವಾಸಿ ಅನ್ನಿಸುತ್ತಿದೆ.

ದಾವಣಗೆರೆ, ಮಣಿಪಾಲದ ಡೆಂಟಲ್ ಕಾಲೇಜುಗಳ ಕಡೆಯವರು ಯಾರಾದರೂ ಇದ್ದೀರಾ? ಅಲ್ಲಿ ಹಲ್ಲು ತೋರಿಸಲು ಬರುವವರು ಇವರನ್ನು ಏನೆಂದು ಕರೆಯುತ್ತಾರೆ? ‘ಸಿಸ್ಟರ್’ ಅಂತಲೇ? ಗಂಡಸಾದರೆ?