ಟೇಪ್ ಟೆಸ್ಟ್ ನೆಗೆಟಿವ್, ಆದರೂ ಇಲಿಯ ಕರುಳಿನಲ್ಲಿ ಪಿನ್‌ವರ್ಮ್

ಬಿಳಿಮೂತಿ: ಬಾಲ್ಬ್-ಸಿ ಎಂಬ ಪ್ರಯೋಗಾಲಯ ತಳಿಯ ಇಲಿಗಳ ಕೋಣೆ. ಗುದದ್ವಾರಕ್ಕೆ ಅಂಟುಟೇಪ್ ಒತ್ತಿ ಮೊಟ್ಟೆ ಹುಡುಕುವ ಟೇಪ್ ಟೆಸ್ಟ್ ಪ್ರತಿ ಸಲವೂ ನೆಗೆಟಿವ್. ಕೊಯ್ದು ನೋಡಿದರೆ ದೊಡ್ಡಕರುಳಿನ ಶುರುವಿನಲ್ಲೇ 3-4 ಮಿ.ಮೀ. ಉದ್ದದ ಬಿಳಿ ಹುಳುಗಳು, ಅದಕ್ಕೂ ಮುಂಚಿನ ಚೀಲದಂಥ ಭಾಗವಾದ ಸೀಕಮ್‌ನಲ್ಲಿ ಏನೂ ಇಲ್ಲ. ನೀರಿನಲ್ಲಿ ಹುಳುವಿನ ಔಷಧಿ ಐವರ್ಮೆಕ್ಟಿನ್ ಕೊಟ್ಟಾಯಿತು, ಒಂದು ತಿಂಗಳಿಗೆ ಮತ್ತೆ ಹಾಜರ್. ಟೇಪ್ ಸರಿಯಿಲ್ಲವೋ, ಔಷಧಿ ಸರಿಯಿಲ್ಲವೋ?

ಹಿಕ್ಕೆಶೋಧ: ಟೇಪಿನ ದೋಷವಲ್ಲ, ಹುಳುವೇ ಬೇರೆ. ಟೇಪಿಗೆ ಸಿಗುವುದು ಸೈಫೇಸಿಯಾ ಎಂಬ ಪಿನ್‌ವರ್ಮ್. ಅದರ ಹೆಣ್ಣು ಗುದದ್ವಾರದ ಸುತ್ತ ಮೊಟ್ಟೆ ಇಡುತ್ತದೆ. ನಿಮ್ಮಲ್ಲಿರುವುದು, ಹುಳು ಸಿಕ್ಕ ಜಾಗ ನೋಡಿದರೆ, ಬಹುತೇಕ ಆಸ್ಪಿಕುಲ್ಯುರಿಸ್ ಟೆಟ್ರಾಪ್ಟೆರಾ ಎಂಬ ಇನ್ನೊಂದು ಪಿನ್‌ವರ್ಮ್. ಅದು ಕರುಳೊಳಗೇ ಮೊಟ್ಟೆ ಇಡುತ್ತದೆ, ಮೊಟ್ಟೆ ಹಿಕ್ಕೆಯ ಜೊತೆ ಹೊರಬರುತ್ತದೆ. ಹಾಗಾಗಿ ಹಿಕ್ಕೆಯನ್ನೇ ತೇಲಿಸಿ ನೋಡಬೇಕು.

100 ಮಿ.ಲೀ. ಬಿಸಿನೀರಿಗೆ ಸುಮಾರು 40 ಗ್ರಾಂ ಉಪ್ಪು ಹಾಕಿ ಕಲಕಿ. ತಳದಲ್ಲಿ ಸ್ವಲ್ಪ ಕರಗದೆ ಉಳಿಯಬೇಕು. ಆರಿದ ಮೇಲೆ ಹತ್ತು ಹಿಕ್ಕೆಗಳನ್ನು ಅದರಲ್ಲಿ ಕಿವುಚಿ, ಸೋಸಿ, ಟ್ಯೂಬಿನ ಬಾಯಿ ಉಬ್ಬುವಷ್ಟು ತುಂಬಿಸಿ ಕವರ್‌ಸ್ಲಿಪ್ ಇಡಿ. 15 ನಿಮಿಷಕ್ಕೆ ಎತ್ತಿ 10x ಆಬ್ಜೆಕ್ಟಿವ್‌ನಲ್ಲಿ ನೋಡಿ. ಬಹಳ ಹೊತ್ತು ಬಿಟ್ಟರೆ ಉಪ್ಪಿನ ಹರಳು ಕಟ್ಟಿ ಏನೂ ಕಾಣದು. ಎರಡೂ ಬದಿ ಸಮವಾಗಿ ಉಬ್ಬಿದ, ಸುಮಾರು 90 ಮೈಕ್ರಾನ್ ಉದ್ದದ ಮೊಟ್ಟೆಯಾದರೆ ಆಸ್ಪಿಕುಲ್ಯುರಿಸ್. ಒಂದು ಬದಿ ಚಪ್ಪಟೆಯಾಗಿ, ಬಾಳೆಹಣ್ಣಿನಂತೆ ಬಾಗಿದ್ದು ಇನ್ನೂ ಉದ್ದವಿದ್ದರೆ ಸೈಫೇಸಿಯಾ. ಮೊಟ್ಟೆ ದಿನವೂ ಬೀಳುವುದಿಲ್ಲ, ಆದ್ದರಿಂದ ಒಂದು ನೆಗೆಟಿವ್‌ಗೆ ಬೆಲೆಯಿಲ್ಲ.

ಬಿಳಿಮೂತಿ: ತೇಲಿಸಿ ನೋಡಿದೆ, ಸಮ ಉಬ್ಬಿನ ಮೊಟ್ಟೆಗಳೇ. ಹಾಗಾದರೆ ಮತ್ತೆ ಮತ್ತೆ ಬರುವುದು ಯಾಕೆ?

ಹಿಕ್ಕೆಶೋಧ: ಐವರ್ಮೆಕ್ಟಿನ್ ಮೊಟ್ಟೆಯನ್ನು ಮುಟ್ಟುವುದಿಲ್ಲ. ಮೇಲಾಗಿ ಯಾವ ಇಲಿ ಎಷ್ಟು ನೀರು ಕುಡಿಯಿತೆಂದು ಯಾರಿಗೆ ಗೊತ್ತು? ಹಾಲು ಕುಡಿಯುವ ಮರಿಗಳಿಗೂ, ಔಷಧಿ ಮೆದುಳಿಗೆ ನುಗ್ಗದಂತೆ ತಡೆಯುವ ಪಿ-ಗ್ಲೈಕೋಪ್ರೋಟೀನ್‌ನ ಕೊರತೆಯಿರುವ ತಳಿಗಳಿಗೂ ಐವರ್ಮೆಕ್ಟಿನ್ ವಿಷ. ಫೆನ್‌ಬೆಂಡಜೋಲ್ ಎಂಬ ಹುಳುವಿನ ಔಷಧಿ ಬೆರೆಸಿದ ಸಿದ್ಧ ಆಹಾರ ತರಿಸಿ: 150 ಪಿಪಿಎಂ, ಅಂದರೆ ಕಿಲೋಗೆ 150 ಮಿ.ಗ್ರಾಂ. ಕೋಣೆಯ ಎಲ್ಲಾ ಪಂಜರಗಳಿಗೂ ಒಂದೇ ದಿನ ಶುರುಮಾಡಿ 8 ವಾರ ಕೊಡಿ. ಪೆಲೆಟ್ ಮೇಲೆ ನೀವೇ ಪುಡಿ ಉದುರಿಸಬೇಡಿ, ಡೋಸ್ ಸಮನಾಗುವುದಿಲ್ಲ. ಶುರುಮಾಡುವ ಮುಂಚೆ ಪಶುವೈದ್ಯರ ಒಪ್ಪಿಗೆ ಪಡೆದು, ಪ್ರಯೋಗ ನಡೆಸುತ್ತಿರುವವರಿಗೂ ತಿಳಿಸಿ: ಈ ಔಷಧಿಯಿಂದ ರೋಗನಿರೋಧಕತೆ ಮತ್ತು ಗೆಡ್ಡೆಗಳ ಅಧ್ಯಯನದ ಫಲಿತಾಂಶ ಏರುಪೇರಾಗಬಹುದು. ಹುಳುವಿನಿಂದಲೂ ಆಗುತ್ತದೆ ಬಿಡಿ.

ಒಂದು ಅನುಕೂಲವೂ ಇದೆ. ಆಸ್ಪಿಕುಲ್ಯುರಿಸ್ ಮೊಟ್ಟೆ ಸೋಂಕು ಹಬ್ಬಿಸುವಷ್ಟು ಬಲಿಯಲು ಹೊರಗೆ ಸುಮಾರು 6-7 ದಿನ ಬೇಕು. ಮೂರು-ನಾಲ್ಕು ದಿನಕ್ಕೊಮ್ಮೆ ಪಂಜರವನ್ನೇ ಬದಲಿಸಿದರೆ ಸರಪಳಿ ಅಲ್ಲೇ ಕಡಿಯುತ್ತದೆ. ಸೈಫೇಸಿಯಾ ಮೊಟ್ಟೆ ಕೆಲವೇ ಗಂಟೆಗಳಲ್ಲಿ ಬಲಿಯುವುದರಿಂದ ಅಲ್ಲಿ ಈ ಉಪಾಯ ನಡೆಯದು. ಹಾಸು ಬದಲಿಸಿ ಜಾಲರಿ ಮುಚ್ಚಳ ಹಾಗೇ ಬಿಡುವುದು ಎಲ್ಲೆಡೆ ಕಾಣುವ ಚಾಳಿ. ಮೊಟ್ಟೆ ಉಳಿಯುವುದೇ ಅಲ್ಲಿ. ಸ್ಪಿರಿಟ್ ಒರೆಸಿದರೆ ಸಾಯುವುದಿಲ್ಲ. ಮುಚ್ಚಳ, ಬಾಟಲಿ, ಪಂಜರ ಎಲ್ಲವನ್ನೂ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಇಡಿ.

ಮೊಲದಗೂಡು: ಪಕ್ಕದ ಕೋಣೆಯ ಮೊಲಗಳಿಗೂ ಪಿನ್‌ವರ್ಮ್ ಇದೆ. ಅಲ್ಲಿಂದ ಬಂದಿರಬಹುದೇ?

ಹಿಕ್ಕೆಶೋಧ: ಇಲ್ಲ. ಮೊಲದ್ದು ಪಾಸಲ್ಯೂರಸ್ ಆಂಬಿಗ್ಯುಅಸ್, ಅದು ಇಲಿಗೆ ದಾಟುವುದಿಲ್ಲ. ಅದೇ ಕೋಣೆಯಲ್ಲಿ ಹ್ಯಾಮ್‌ಸ್ಟರ್ ಇದ್ದರೆ ಎರಡಕ್ಕೂ ತಗಲುವ ಸೈಫೇಸಿಯಾ ಆಬ್ವೆಲೇಟಾದ ಬಗ್ಗೆ ಅನುಮಾನ ಪಡಿ.

ಬಿಳಿಮೂತಿ, ಔಷಧಿ ನಿಲ್ಲಿಸಿದ ಮರುದಿನವೇ ಪರೀಕ್ಷೆ ಮಾಡಬೇಡಿ. ಹುಳು ಬೆಳೆದು ಮೊಟ್ಟೆ ಇಡಲು ಮೂರು ವಾರಕ್ಕೂ ಮೇಲೆ ಬೇಕು, ಕನಿಷ್ಠ ನಾಲ್ಕು ವಾರ ಕಾಯಿರಿ. ಆಗತಾನೇ ತಾಯಿಯಿಂದ ಬೇರ್ಪಡಿಸಿದ ಮರಿಯ ಹಿಕ್ಕೆ ಇದೇ ಕಾರಣಕ್ಕೆ ಉಪಯೋಗಕ್ಕಿಲ್ಲ. ಕೊಯ್ದು ನೋಡುವುದಾದರೆ ದೊಡ್ಡಕರುಳನ್ನು ಉದ್ದಕ್ಕೆ ಸೀಳಿ ಬೆಚ್ಚಗಿನ ಸಲೈನ್‌ನಲ್ಲಿ 15 ನಿಮಿಷ ಬಿಡಿ. ಹುಳು ಇದ್ದರೆ ತಾನಾಗಿ ಹೊರಳುತ್ತಾ ಈಚೆ ಬರುತ್ತದೆ.