ಕಟ್ಟಡ ಓದಲು ಬಂದು ಇಲಿ ಬರೆದ ಎಡ್ ಯಂಗ್

ಬಳಗದವರಿಗೆ ನಮಸ್ಕಾರ. ಮಗಳು ಚಿತ್ರಕಲೆಯನ್ನೇ ಓದುತ್ತೇನೆಂದು ಹಠ ಹಿಡಿದಿದ್ದಾಳೆ, ಏನು ಮಾಡಲಿ ಎಂದು ಮೊನ್ನೆ ಅಕ್ಕ ಒಬ್ಬರು ಇಲ್ಲಿ ಕೇಳಿದ್ದರು. ಅರ್ಧ ಜನ "ಮಕ್ಕಳ ಇಷ್ಟಕ್ಕೆ ಬಿಡಿ" ಎಂದಿರಿ, ಉಳಿದರ್ಧ "ನಾಳೆ ಹೊಟ್ಟೆಗೇನು ಮಾಡುತ್ತಾಳೆ" ಎಂದಿರಿ. ನಾನು ಹೊಟ್ಟೆಯ ಪಕ್ಷದವನು, ಮುಚ್ಚಿಡುವುದಿಲ್ಲ. ಆದರೆ ಈ ವಿಷಯ ಬಂದಾಗಲೆಲ್ಲ ನನಗೆ ಮಕ್ಕಳ ಚಿತ್ರಪುಸ್ತಕಗಳ ಕಲಾವಿದ ಎಡ್ ಯಂಗ್ ನೆನಪಾಗುತ್ತಾರೆ. ನಿಮ್ಮ ಮಕ್ಕಳು ಇಲ್ಲಿ ಅಮೆರಿಕದ ಗ್ರಂಥಾಲಯದಿಂದ ಅವರ ಪುಸ್ತಕವೊಂದನ್ನಾದರೂ ತಂದಿರುತ್ತಾರೆ, ನಾವು ಹೆಸರು ನೋಡಿರುವುದಿಲ್ಲ ಅಷ್ಟೆ.

ಯಂಗ್ ಹುಟ್ಟಿದ್ದು 1931ರಲ್ಲಿ, ಚೀನಾದ ಟಿಯಾಂಜಿನ್‌ನಲ್ಲಿ. ಬೆಳೆದದ್ದು ಶಾಂಘೈನಲ್ಲಿ. ಆಮೇಲೆ ಹಾಂಗ್‌ಕಾಂಗ್. ಅಲ್ಲಿಂದ 1951ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ವಿದ್ಯಾರ್ಥಿ ವೀಸಾ ಹಿಡಿದು ಅಮೆರಿಕಕ್ಕೆ ಬಂದರು. ಓದಲು ಬಂದದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ. ತಂದೆ ಎಂಜಿನಿಯರ್, ಮಗ ಕಟ್ಟಡದ ಓದು. ನಮ್ಮ ಮನೆಗಳಲ್ಲೂ ನಡೆಯುವ ಲೆಕ್ಕಾಚಾರವೇ. ಆ ಓದನ್ನು ಅರ್ಧಕ್ಕೆ ಬಿಟ್ಟು ಅವರು ಲಾಸ್ ಏಂಜಲೀಸ್‌ನ ಕಲಾಶಾಲೆ ಸೇರಿದರು.

ಇಲ್ಲಿಗೆ ಕಥೆ ನಿಲ್ಲಿಸಿ "ನೋಡಿ, ಮನಸ್ಸಿನ ಮಾತು ಕೇಳಿದರು, ಗೆದ್ದರು" ಎಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಓದು ಮುಗಿಸಿ ನ್ಯೂಯಾರ್ಕಿಗೆ ಬಂದ ಯಂಗ್ ಜಾಹೀರಾತು ಸಂಸ್ಥೆಯಲ್ಲಿ ಸಂಬಳದ ಕೆಲಸ ಹಿಡಿದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸೆಂಟ್ರಲ್ ಪಾರ್ಕಿನ ಮೃಗಾಲಯಕ್ಕೆ ಹೋಗಿ ಪ್ರಾಣಿಗಳ ಚಿತ್ರ ಬರೆಯುತ್ತಿದ್ದರು. ಹಾಗೆ ಬರೆದು ಗುಡ್ಡೆಯಾದ ಹಾಳೆಗಳನ್ನು ಅಂಗಡಿಯ ಚೀಲಕ್ಕೆ ತುಂಬಿಕೊಂಡು ಪ್ರಕಾಶಕರ ಬಾಗಿಲಿಗೆ ಹೋದರು. ಮೊದಲ ಪುಸ್ತಕ ಬಂದದ್ದು 1962ರಲ್ಲಿ, ಒಂದು ಕೆಟ್ಟ ಇಲಿಯದೂ ಸೇರಿ ಹಲವು ಕಥೆಗಳಿದ್ದ ಪುಸ್ತಕಕ್ಕೆ ಚಿತ್ರ. ಅಮೆರಿಕದಲ್ಲಿ ವರ್ಷಕ್ಕೊಂದೇ ಚಿತ್ರಪುಸ್ತಕಕ್ಕೆ ಸಿಗುವ ಕಾಲ್ಡಿಕಾಟ್ ಪದಕ ಕೈಗೆ ಬಂದದ್ದು 1990ರಲ್ಲಿ, 'ಲಾನ್ ಪೋ ಪೋ' ಪುಸ್ತಕಕ್ಕೆ. ದೇಶಕ್ಕೆ ಕಾಲಿಟ್ಟು 39 ವರ್ಷ! ಅಕ್ಕ, ಮಗಳಿಗೆ ಹೇಳುವುದಾದರೆ ಈ ಲೆಕ್ಕವನ್ನೂ ಸೇರಿಸಿ ಹೇಳಿ. ಹೆದರಿಸಲು ಅಲ್ಲ, ನಡುವಿನ ವರ್ಷಗಳಲ್ಲಿ ಬಾಡಿಗೆ ಕಟ್ಟುವ ದಾರಿಯೊಂದು ಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿರಲಿ.

ಇಷ್ಟಕ್ಕೂ ಆ ಮನುಷ್ಯ ಬರೆದದ್ದೇನು? 'ಲಾನ್ ಪೋ ಪೋ' ಚೀನಾದ ಜನಪದ ಕಥೆ. ಅಮ್ಮ ಅಜ್ಜಿಯನ್ನು ನೋಡಲು ಹೋದ ರಾತ್ರಿ ತೋಳವೇ ಅಜ್ಜಿಯ ವೇಷದಲ್ಲಿ ಬಂದು ಬಾಗಿಲು ತಟ್ಟುತ್ತದೆ, ಮೂವರು ಅಕ್ಕತಂಗಿಯರು ಉಪಾಯದಿಂದ ಅದನ್ನು ಮುಗಿಸುತ್ತಾರೆ. ಪುಟಗಳನ್ನು ಚೀನಾದ ಮಡಿಸುವ ತೆರೆಗಳಂತೆ ಉದ್ದುದ್ದ ಪಟ್ಟಿಗಳಾಗಿ ಸೀಳಿದ್ದಾರೆ. ತೋಳದ ಕಣ್ಣು ನೋಡಿದ ರಾತ್ರಿ ನನ್ನ ಮಗಳು ದೀಪ ಆರಿಸಲು ಬಿಡಲಿಲ್ಲ.

ವಯಸ್ಸಾದ ಮೇಲೆ, 2011ರಲ್ಲಿ, ಅವರು ತಮ್ಮ ಶಾಂಘೈ ಮನೆಯ ಬಗ್ಗೆಯೇ ಒಂದು ಪುಸ್ತಕ ಮಾಡಿದರು. ತಂದೆಯ ಬಳಿ ಜಾಗ ಕೊಳ್ಳುವಷ್ಟು ಹಣವಿರಲಿಲ್ಲ. ಜಾಗದ ಒಡೆಯನ ಜೊತೆ ಅವರೊಂದು ಒಪ್ಪಂದ ಮಾಡಿಕೊಂಡರು: ಮನೆ ನಾನು ಕಟ್ಟುತ್ತೇನೆ, ಇಪ್ಪತ್ತು ವರ್ಷ ಇರುತ್ತೇನೆ, ಆಮೇಲೆ ಮನೆಯೂ ನಿನ್ನದೇ. ಯುದ್ಧಕಾಲದಲ್ಲಿ ಆ ಗಟ್ಟಿ ಗೋಡೆಗಳ ನಡುವೆ ಇವರ ಸಂಸಾರವಲ್ಲದೆ ಬೇರೆಯವರೂ ಆಸರೆ ಪಡೆದರು. ಬಿಟ್ಟು ಬಂದು ಅರುವತ್ತು ವರ್ಷವಾದ ಮೇಲೂ ಆ ಮನೆ ಅವರ ನೆನಪಿನಲ್ಲಿ ಹಾಗೇ ಇತ್ತು. ಮನೆಸಾಲ ತೀರಿಸುತ್ತ ಕೂತಿರುವ ನಮ್ಮಂಥವರು ಆ ಪುಸ್ತಕವನ್ನು ಮಕ್ಕಳಿಗಿಂತ ಮೊದಲು ಓದಬೇಕು.

ನಮ್ಮ ಮನೆಯ ಪುಸ್ತಕ ಮಾತ್ರ ಬೇರೆ. ಏಳು ಕುರುಡು ಇಲಿಗಳದು, 1992ರದು. ಕಡುಗಪ್ಪು ಪುಟ, ಅದರ ಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಇಲಿಗಳು. ದಿನಕ್ಕೊಂದು ಇಲಿ ಹೋಗಿ ಕೊಳದ ಬಳಿಯ ವಿಚಿತ್ರ ವಸ್ತುವನ್ನು ಮುಟ್ಟಿ ಬರುತ್ತದೆ. ನಮ್ಮಮ್ಮ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಇಂಗ್ಲಿಷ್ ಬಾರದು. ಮೊಮ್ಮಗಳು ಪುಸ್ತಕ ತಂದು ತೊಡೆಯ ಮೇಲೆ ಇಟ್ಟಳು. ಅಮ್ಮ ಎರಡು ಪುಟ ಮಗುಚಿದವರೇ, "ಅಯ್ಯೋ, ಇದು ನಮ್ಮ ಆನೆ ಮತ್ತು ಕುರುಡರ ಕಥೆ ಕಣೇ" ಎಂದರು. ನಿಜವೇ. ಪಂಡಿತರು ಅಂಧಗಜನ್ಯಾಯ ಎನ್ನುವುದು ಇದನ್ನೇ. ನಮ್ಮ ಕಡೆಯಿಂದ ಹೊರಟ ಕಥೆ, ಚೀನಾದಲ್ಲಿ ಬೆಳೆದವರ ಕತ್ತರಿಯಲ್ಲಿ ಇಲಿಯಾಗಿ, ನ್ಯೂಜೆರ್ಸಿಯ ಸೋಫಾದ ಮೇಲೆ ಅಮ್ಮನಿಗೆ ಸಿಕ್ಕಿತ್ತು.

ಅಂದಿನಿಂದ ಓದು ಅಮ್ಮನದೇ. ಸೋಮವಾರ ಕೆಂಪು ಇಲಿ ಕಂಬ ಎಂದಿತು, ಮಂಗಳವಾರ ಹಸಿರು ಇಲಿ ಹಾವು ಎಂದಿತು. ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ವರ್ಷ ಉರುಹೊಡೆಸಿದರೂ ನಿಲ್ಲದ ವಾರಗಳ ಹೆಸರು ನಾಲ್ಕೇ ರಾತ್ರಿಯಲ್ಲಿ ಬಾಯಿಗೆ ಬಂತು. (ಆ ತರಗತಿಯ ಮೇಷ್ಟ್ರು ನಾನೇ, ಆದ್ದರಿಂದ ಯಾರೂ ಬೇಸರ ಮಾಡಿಕೊಳ್ಳಬೇಡಿ.) ಶುಕ್ರವಾರದ ಕಿತ್ತಳೆ ಇಲಿ ಆನೆಯ ಕಿವಿ ಮುಟ್ಟಿ ಬೀಸಣಿಗೆ ಎನ್ನುತ್ತದೆ. ಅಮ್ಮ ಒಪ್ಪಲಿಲ್ಲ. "ಆನೆ ಕಿವಿ ಮೊರದ ಹಾಗೆ ಇರುತ್ತದೆ" ಎಂದರು. ಮೊರ ಎಂದರೇನು? ಅಮ್ಮ ಅಡುಗೆಮನೆಯ ಮೇಲಿನ ಕಪಾಟಿನಿಂದ, ಹಿಂದಿನ ಗೌರಿ ಹಬ್ಬದಲ್ಲಿ ಬಂದ ಬಾಗಿನದ ಪುಟ್ಟ ಮೊರಗಳನ್ನು ತೆಗೆದರು. ಮಗಳು ಎರಡನ್ನೂ ಎರಡು ಕಿವಿಗೆ ಹಿಡಿದುಕೊಂಡು ಮನೆಯೆಲ್ಲ ಓಡಾಡಿದಳು, ಅರಿಸಿನದ ಪುಡಿ ಕಾರ್ಪೆಟ್ಟಿನ ಮೇಲೆಲ್ಲ ಉದುರಿತು. ಕಲೆ ಇನ್ನೂ ಹೋಗಿಲ್ಲ.

ಯಂಗ್ 2023ರಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚಿತ್ರ ಬರೆದ ಪುಸ್ತಕಗಳು ಎಂಬತ್ತಕ್ಕೂ ಹೆಚ್ಚು.

ಅಕ್ಕ, ಒಂದು ವಿನಂತಿ. ನಮ್ಮ ಯುಗಾದಿ ಸಂಚಿಕೆಗೆ ಪ್ರತಿವರ್ಷ ಯಾರದೋ ಮಗುವಿನಿಂದ ಬಿಟ್ಟಿ ಮುಖಪುಟ ಬರೆಸಿ, ವೇದಿಕೆಯಲ್ಲಿ ಒಂದು ಹೂಗುಚ್ಛ ಕೊಟ್ಟು ಕಳಿಸುತ್ತೇವೆ. ಈ ಸಲ ನಿಮ್ಮ ಮಗಳಿಂದ ಬರೆಸೋಣ, ದರ ಅವಳೇ ಹೇಳಲಿ. ಅಚ್ಚಿನವನಿಗೆ ಕೊಡುತ್ತೇವೆ, ಊಟದವನಿಗೆ ಕೊಡುತ್ತೇವೆ, ಇವಳಿಗೂ ಕೊಡೋಣ. ಸಮಿತಿಯಲ್ಲಿ ಯಾರಾದರೂ ತಕರಾರು ಎತ್ತಿದರೆ ನನ್ನ ಹೆಸರು ಹೇಳಿ.