ನಾಲ್ಕೂ ಕಡೆ ಮೆಡಿಕಲ್ ಸೀಟ್ ಇಲ್ಲ, ಈಗ ಬ್ಯಾಕಪ್ ಡಿಗ್ರಿ ಯಾವುದು?

ಅರ್ಧಬೆಂದಡಾಕ್ಟರ್:

ನಿನ್ನೆ ಸಂಜೆ ಕೊನೆಯ ಮೇಲ್ ಬಂತು. ನಾಲ್ಕು ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದ್ದೆ. ಎರಡು ಕಡೆ ಇಂಟರ್‌ವ್ಯೂಗೂ ಕರೆಯಲಿಲ್ಲ. ಇನ್ನೆರಡು ಕಡೆ ಕರೆದರು, ಮಾತಾಡಿಸಿದರು, ಆಮೇಲೆ ಬೇಡ ಅಂದರು. ಕರೆಯದವರ ಮೇಲೆ ಅಷ್ಟೇನೂ ಬೇಜಾರಿಲ್ಲ. ಕರೆದು ಬೇಡ ಅಂದಿದ್ದೇ ಜಾಸ್ತಿ ಚುಚ್ಚುತ್ತಿದೆ.

ಒಂದು ಇಂಟರ್‌ವ್ಯೂ ಎಲ್ಲಿ ಕೆಟ್ಟಿತು ಅಂತ ನನಗೇ ಗೊತ್ತು. ಒಂದು ರೂಮಿನಿಂದ ಇನ್ನೊಂದು ರೂಮಿಗೆ ಹೋಗುತ್ತಾ, ಪ್ರತಿ ಕಡೆ ಕೆಲವೇ ನಿಮಿಷ ಸಿಗುವ ಥರದ್ದು ಅದು. ಒಂದು ರೂಮಿನಲ್ಲಿ ಒಬ್ಬ ನಟಿ ಕೂತಿದ್ದರು. ಕೆಲಸ ಕಳೆದುಕೊಂಡ ಗೆಳತಿಯ ಪಾತ್ರ, ಅಳುತ್ತಿದ್ದರು. ನಾನು ಕೂತ ತಕ್ಷಣ ಅರ್ಜಿ ಹೀಗೆ ಬರಿ, ಅಲ್ಲಿ ಹುಡುಕು, ಇಲ್ಲಿ ವಿಚಾರಿಸು ಅಂತ ಶುರು ಮಾಡಿದೆ. ಬೆಲ್ ಹೊಡೆದಾಗಲೂ ಅವರು ಅಳುತ್ತಲೇ ಇದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವಾರದಲ್ಲಿ ಬ್ಯಾಕಪ್ ಡಿಗ್ರಿ ಆರಿಸಬೇಕು. ಬಯೋಮೆಡಿಕಲ್ ಸೈನ್ಸ್‌ನಲ್ಲಿ ಸೀಟ್ ಖಾತ್ರಿ. ಫಿಸಿಯೋಥೆರಪಿಯಲ್ಲೂ ಸಿಗಬಹುದು. ಮೂರನೆಯದು ಹೇಳಲು ಸ್ವಲ್ಪ ನಾಚಿಕೆ, ಸ್ಟ್ಯಾಟಿಸ್ಟಿಕ್ಸ್. ಬಯಾಲಜಿಗಿಂತ ಗಣಿತವೇ ನನಗೆ ಚೆನ್ನಾಗಿ ಬರುವುದು. ಆದರೆ ಕೇಳಿದವರೆಲ್ಲ ಬಯೋಮೆಡಿಕಲ್ ತಗೋ, ಅದು ಮೆಡಿಸಿನ್‌ಗೆ ಹತ್ತಿರ ಅನ್ನುತ್ತಾರೆ. ಹತ್ತಿರ ಅಂದರೆ ಎಷ್ಟು ಹತ್ತಿರ?

ಗೋಡೆಗಡಿಯಾರ:

ಬ್ಯಾಕಪ್ಪೇ ಬೇಡ, ಒಂದು ವರ್ಷ ಬಿಟ್ಟು ಮತ್ತೆ ಹಾಕಿ. ಎರಡು ಇಂಟರ್‌ವ್ಯೂ ಬಂದಿದೆ ಅಂದರೆ ಅಂಕಗಳು ಸಾಕು ಅಂತ ಅರ್ಥ. ಎಡವಿದ್ದು ಎಲ್ಲಿ ಅಂತಲೂ ಗೊತ್ತಿದೆ. ಆ ವರ್ಷ ಆರೈಕೆ ಕೇಂದ್ರದಲ್ಲೋ ಎಲ್ಲೋ ಕೆಲಸ ಮಾಡಿ. ಒಂದು ಎಚ್ಚರಿಕೆ: ಬೇರೆ ಡಿಗ್ರಿಗೆ ಸೇರಿ ಮಧ್ಯದಲ್ಲಿ ಬಿಟ್ಟು ಬರುವವರನ್ನು ಕೆಲವು ಮೆಡಿಕಲ್ ಕಾಲೇಜುಗಳು ತೆಗೆದುಕೊಳ್ಳುವುದಿಲ್ಲ. ಸುಮ್ನೆ ಒಂದು ವರ್ಷಕ್ಕೆ ಸೇರಿಕೊಂಡು ನೋಡೋಣ ಅನ್ನುವ ಹಾಗಿಲ್ಲ.

ಸ್ಯಾಂಪಲ್‌ಅಕ್ಕ:

ಎಷ್ಟು ಹತ್ತಿರ ಅಂತ ಕೇಳಿದಿರಲ್ಲ. ಸರಿಯಾಗಿ ಎರಡು ಮಹಡಿ. ವಾರ್ಡ್ ಮೇಲೆ, ನನ್ನ ಲ್ಯಾಬ್ ಕೆಳಗೆ.

ನಾನೂ ಎರಡು ವರ್ಷ ಅರ್ಜಿ ಹಾಕಿ ಸೀಟ್ ಸಿಗದೆ ಬಯೋಮೆಡಿಕಲ್‌ಗೆ ಬಂದವಳು. ಮೊದಲ ವರ್ಷವಿಡೀ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದೆ. ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ, ಇದು ಮುಂದೆ ಮೆಡಿಸಿನ್‌ಗೆ ಬೇಕಾಗುತ್ತದಾ? ಬೇಡ ಅನ್ನಿಸಿದ್ದನ್ನು ಓದಲಿಲ್ಲ. ಅಂಕ ಬಿತ್ತು. ಅಂಕ ಬಿದ್ದ ಮೇಲೆ ಡಿಗ್ರಿ ಮುಗಿಸಿ ಮೆಡಿಸಿನ್‌ಗೆ ಹೋಗುವ ದಾರಿಯೂ ಮುಚ್ಚಿತು. ಸೀಟ್ ಸಿಗದೇ ಹೋಗಿದ್ದರಿಂದ ಆದ ನಷ್ಟಕ್ಕಿಂತ ಇದರಿಂದ ಆದದ್ದೇ ದೊಡ್ಡದು. ಇದರಲ್ಲಿ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ರಾತ್ರಿ ಪಾಳಿಯಲ್ಲಿ ಒಂದು ರಕ್ತದ ರಿಪೋರ್ಟ್ ಬಂತು. ಪೊಟ್ಯಾಸಿಯಂ 9ಕ್ಕಿಂತ ಮೇಲೆ. ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ನಿಜವಾಗಿ 9 ಇದ್ದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಆದರೆ ಕ್ಯಾಲ್ಸಿಯಂ ನೋಡಿದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈ ಜೋಡಿ ಕಂಡರೆ ನಮಗೆ ಮೊದಲು ನೆನಪಾಗುವುದು ನೇರಳೆ ಮುಚ್ಚಳದ ಟ್ಯೂಬು. ಅದರಲ್ಲಿ ಇಡಿಟಿಎ ಇರುತ್ತದೆ, ಪೊಟ್ಯಾಸಿಯಂ ಲವಣದ ರೂಪದಲ್ಲಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಯಾರೋ ಆ ಟ್ಯೂಬಿನ ರಕ್ತವನ್ನು ಇನ್ನೊಂದಕ್ಕೆ ಸುರಿದಿದ್ದರು. ವಾರ್ಡಿಗೆ ಫೋನ್ ಮಾಡಿ, ಇದನ್ನು ನಂಬಬೇಡಿ, ಮತ್ತೆ ರಕ್ತ ತೆಗೆದು ಕಳಿಸಿ ಅಂದೆ. ಹೊಸ ಸ್ಯಾಂಪಲ್‌ನಲ್ಲಿ 4.2 ಬಂತು.

ಬೇಡದ ಚಿಕಿತ್ಸೆ ತಪ್ಪಿತು. ಆ ರೋಗಿಗೆ ಈ ವಿಷಯ ಗೊತ್ತೇ ಇಲ್ಲ, ನಾನೂ ಅವರ ಮುಖ ನೋಡಿಲ್ಲ. ನನಗೆ ಇದೇ ಇಷ್ಟ, ಈಗ. ನಿಮಗೆ ಆ ಮುಖ ನೋಡಲೇಬೇಕಾ? ಬೇಕೇಬೇಕು ಅಂದರೆ ಎರಡು ಮಹಡಿ ಬಹಳ ದೂರ.

ಇನ್ನೊಂದು. ನಾನು ಓದಿದ ಕೋರ್ಸಿಗೆ ವೃತ್ತಿ ಸಂಸ್ಥೆಯ ಮಾನ್ಯತೆ ಇರಲಿಲ್ಲ. ಮಾನ್ಯತೆ ಇರುವ ಕೋರ್ಸಿಗೂ ಇದಕ್ಕೂ ಹೆಸರು ಒಂದೇ! ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಕೇಳಲು ಹೋದಾಗ ರಿಜಿಸ್ಟ್ರೇಷನ್ ಎಲ್ಲಿ ಅಂದರು. ಬಾಕಿ ವಿಷಯಗಳನ್ನು ಓದಿ ಮುಗಿಸಲು ಇನ್ನೂ ಒಂದು ವರ್ಷ ಹಿಡಿಯಿತು. ಡಿಗ್ರಿ ಮುಗಿದ ದಿನವೇ ರಿಜಿಸ್ಟ್ರೇಷನ್‌ಗೆ ಅರ್ಜಿ ಹಾಕಬಹುದಾ ಅಂತ ಕೇಳಿ. ಉತ್ತರ ಮೇಲ್‌ನಲ್ಲೇ ಬರಲಿ, ಫೋನಿನಲ್ಲಿ ಬೇಡ.

ಎರಡನೇಸಲ:

ನಾನು ಫಿಸಿಯೋ ಮುಗಿಸಿ, ಈಗ ಮೆಡಿಕಲ್ ಮೂರನೇ ವರ್ಷದಲ್ಲಿದ್ದೇನೆ. ಮೊದಲು ನಿಮ್ಮ ದೇಶದಲ್ಲಿ ಆ ದಾರಿ ಇದೆಯಾ ನೋಡಿ. ಅಮೆರಿಕದಲ್ಲಿ ಹೆಚ್ಚಾಗಿ ಎಲ್ಲರೂ ಮೊದಲು ಒಂದು ಡಿಗ್ರಿ ಮುಗಿಸಿಯೇ ಮೆಡಿಸಿನ್‌ಗೆ ಹೋಗುವುದು. ಯಾವ ಡಿಗ್ರಿಯಾದರೂ ಆದೀತು, ಆದರೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ನ ಕೆಲವು ಪೇಪರ್ ಓದಿರಬೇಕು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪದವೀಧರರಿಗೆ ಅಂತಲೇ 4 ವರ್ಷದ ಕೋರ್ಸ್‌ಗಳಿವೆ. ಸೀಟು ಕಡಿಮೆ, ಪೈಪೋಟಿ ಜೋರು. ಭಾರತದಲ್ಲಾದರೆ ಡಿಗ್ರಿ ಮುಗಿಸಿದರೂ ಎಂಬಿಬಿಎಸ್‌ಗೆ ಮತ್ತೆ ನೀಟ್ ಬರೆಯಲೇಬೇಕು. ಅಲ್ಲಿ ಬಯೋಮೆಡಿಕಲ್ ಓದಿದ್ದಕ್ಕೆ ಒಂದು ಅಂಕವೂ ಜಾಸ್ತಿ ಸಿಗುವುದಿಲ್ಲ.

ಫಿಸಿಯೋ ಬಗ್ಗೆ ಹೇಳುವುದಾದರೆ, ಪ್ಲೇಸ್‌ಮೆಂಟ್, ಅಂದರೆ ಓದುವಾಗಲೇ ಆಸ್ಪತ್ರೆಯಲ್ಲಿ ಮಾಡುವ ತರಬೇತಿ, ಸಮಯ ತಿನ್ನುತ್ತದೆ. ದಿನವಿಡೀ ವಾರ್ಡ್, ರಾತ್ರಿ ಓದು. ಒಳ್ಳೆಯ ಅಂಕ ತೆಗೆಯುವುದು ಸುಲಭವಲ್ಲ.

ಆದರೆ ನಿಮ್ಮ ಅಳುವ ಗೆಳತಿಯ ಕಥೆ ಓದಿ ನಗು ಬಂತು, ನಾನೂ ಹಾಗೇ ಇದ್ದೆ. ಪಾರ್ಶ್ವವಾಯು ಆದ ಒಬ್ಬ ಹಿರಿಯರಿಗೆ ಕುರ್ಚಿಯಿಂದ ಏಳುವುದನ್ನು ಕಲಿಸಬೇಕಿತ್ತು. ಪಾದ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಏಳಬೇಕು. ನಾನು ಒಂದೇ ಸಮನೆ ಹೇಳುತ್ತಲೇ ಇದ್ದೆ. ನಾಲ್ಕನೇ ದಿನ ಅವರು, ನೀನು ಬಾಯಿ ಮುಚ್ಚಿದರೆ ಏಳುತ್ತೇನೆ ಅಂದರು. ಮುಚ್ಚಿದೆ. ಎದ್ದರು.

ಮುಂದೆ ಮೆಡಿಕಲ್ ಇಂಟರ್‌ವ್ಯೂನಲ್ಲಿ ಈ ಕಥೆ ಹೇಳಿದ್ದು ಕೆಲಸಕ್ಕೆ ಬಂತು ಅಂದುಕೊಂಡಿದ್ದೇನೆ.

ಅರ್ಧಬೆಂದಡಾಕ್ಟರ್:

ಥ್ಯಾಂಕ್ಸ್ ಎಲ್ಲರಿಗೂ. ಅಕ್ಕಾ, ಆ ಪೊಟ್ಯಾಸಿಯಂ ಕಥೆಯನ್ನು ಎರಡು ಸಲ ಓದಿದೆ. ವಿಚಿತ್ರ ಅಂದರೆ ನನಗೆ ಖುಷಿ ಕೊಟ್ಟಿದ್ದು ಫೋನ್ ಮಾಡಿದ ಭಾಗ ಅಲ್ಲ. ಎರಡು ಅಂಕಿ ಜೊತೆಗಿಟ್ಟು ನೋಡಿ, ಇದು ಸುಳ್ಳು ಅಂತ ಹಿಡಿದಿರಲ್ಲ, ಅದು. ಹಾಗಾದರೆ ಸ್ಟ್ಯಾಟಿಸ್ಟಿಕ್ಸ್ ಅನ್ನಬಹುದಾ? ಅಥವಾ ಇದು ಮೆಡಿಸಿನ್‌ನಿಂದ ಓಡಿ ಹೋದ ಹಾಗಾಗುತ್ತದಾ?

ಸ್ಯಾಂಪಲ್‌ಅಕ್ಕ:

ಓಡಿ ಹೋಗುವುದೇನು ಬಂತು! ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅಂತ ಒಬ್ಬರಿದ್ದರು. ಡಾಕ್ಟರ್ ಆಗಬೇಕು ಅಂತಿದ್ದವರು. ಮೊದಲ ಮಹಾಯುದ್ಧಕ್ಕೆ ಹೋಗಿ ಕ್ಷಯ ಹತ್ತಿಸಿಕೊಂಡು ವರ್ಷಗಟ್ಟಲೆ ಹಾಸಿಗೆ ಹಿಡಿದರು. ಮೆಡಿಸಿನ್ ಓದುವುದು ತಪ್ಪಿತು. ಅಂಚೆ ಮೂಲಕ ಅರ್ಥಶಾಸ್ತ್ರದ ಡಿಗ್ರಿ ಮಾಡಿಕೊಂಡು ಸ್ಟ್ಯಾಟಿಸ್ಟಿಕ್ಸ್‌ಗೆ ಬಂದರು. 1948ರಲ್ಲಿ ಸ್ಟ್ರೆಪ್ಟೋಮೈಸಿನ್ ಪರೀಕ್ಷೆಯ ಫಲಿತಾಂಶ ಬಂತಲ್ಲ, ಯಾರಿಗೆ ಔಷಧಿ, ಯಾರಿಗೆ ಬರೀ ವಿಶ್ರಾಂತಿ ಅಂತ ಮನಸ್ಸಿಗೆ ಬಂದ ಹಾಗೆ ಹಂಚದೆ, ಯಾದೃಚ್ಛಿಕ ಸಂಖ್ಯೆಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಹಂಚಿದ್ದು ಅವರ ಲೆಕ್ಕಾಚಾರ. ಕಾಯಿಲೆ ಯಾವುದು ಗೊತ್ತಾ? ಕ್ಷಯವೇ. ಎರಡು ವರ್ಷದ ಮೇಲೆ ರಿಚರ್ಡ್ ಡಾಲ್ ಅನ್ನುವ ಡಾಕ್ಟರ್ ಜೊತೆ ಸೇರಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು.

ನೀವೂ ಹಾಗೇ ಆಗಿ ಅಂತ ಹೇಳುತ್ತಿಲ್ಲ. ನಾಚಿಕೆ ಯಾಕೆ ಅಂತ ಅಷ್ಟೇ. ಚೆನ್ನಾಗಿ ಬರುವ ವಿಷಯದಲ್ಲಿ ಅಂಕವೂ ಬರುತ್ತದೆ, ಆಮೇಲೆ ಮತ್ತೆ ಅರ್ಜಿ ಹಾಕುವಾಗ ಕೇಳುವುದೂ ಅದನ್ನೇ.

ಗೋಡೆಗಡಿಯಾರ:

ನನ್ನ ಒಂದು ವರ್ಷದ ಸಲಹೆಗೆ ಯಾರೂ ಉತ್ತರ ಕೊಡಲಿಲ್ಲ.

ಅರ್ಧಬೆಂದಡಾಕ್ಟರ್:

ಕೊಡುತ್ತೇನೆ. ಒಂದು ವರ್ಷ ಮನೆಯಲ್ಲಿ ಎಲ್ಲರ ಮುಖ ನೋಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ, ಕಾರಣ ಅಷ್ಟೇ. ಆದರೆ ಆರೈಕೆ ಕೇಂದ್ರದ ಮಾತು ಹಿಡಿಸಿತು. ಮನೆ ಹತ್ತಿರ ಒಂದಿದೆ, ಶನಿವಾರದಿಂದ ಬನ್ನಿ ಅಂದಿದ್ದಾರೆ. ಬಯೋಮೆಡಿಕಲ್‌ನವರಿಗೆ ರಿಜಿಸ್ಟ್ರೇಷನ್ ಬಗ್ಗೆ ಮೇಲ್ ಹಾಕಿದೆ, ಸುತ್ತಿ ಬಳಸಿ ಉತ್ತರ ಬಂತು, ಹೌದು ಅಂತ ಎಲ್ಲೂ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಜೊತೆ ಕೆಮಿಸ್ಟ್ರಿ ಪೇಪರ್ ತೆಗೆದುಕೊಳ್ಳಬಹುದಾ ಅಂತ ಇವತ್ತು ಕೇಳಿದ್ದೇನೆ. ಸೋಮವಾರ ತಿಳಿಸುತ್ತಾರಂತೆ.